ಜಾಮರ್ ಹಾಕಿದರೆ ಜೈಲಿನ ಮೊಬೈಲ್ ನಿಲ್ಲುತ್ತದೆಯೇ?

ಪ್ರಶ್ನೆ: ಕಾರವಾರದ ಜೈಲಿಗೆ ಸಮೀಪದಲ್ಲಿ ನಮ್ಮದೊಂದು ಸಣ್ಣ ಅಂಗಡಿಯಿದೆ. ಕೈದಿಗಳ ಕೈಯಲ್ಲಿ ಮೊಬೈಲ್ ಸಿಕ್ಕ ಸುದ್ದಿ ಓದಿದಾಗಲೆಲ್ಲ, ಎಲ್ಲ ಜೈಲುಗಳಿಗೂ ಜಾಮರ್ ಹಾಕಿ ಮುಗಿಸಬಾರದೇಕೆ ಎನಿಸುತ್ತದೆ. ಇಲ್ಲಿ ಜಾಮರ್ ಬಂದರೆ ಗಿರಾಕಿಗಳ ಯುಪಿಐ ಪಾವತಿಯೇ ನಿಂತುಹೋಗುತ್ತದೆ ಎಂದು ಪಕ್ಕದ ಅಂಗಡಿಯವರು ಹೆದರಿಸುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಕಾರವಾರ

ಉತ್ತರ: ನಿಮ್ಮ ನೆರೆಯವರ ಮಾತಿನಲ್ಲಿ ಹುರುಳಿದೆ. ಟವರ್ ಬಳಸುವ ತರಂಗಾಂತರದಲ್ಲಿಯೇ ಜಾಮರ್ ಬಲವಾದ ಗದ್ದಲವನ್ನು ಹೊರಡಿಸುವುದರಿಂದ ಮೊಬೈಲಿಗೆ ಟವರಿನ ಸಂಕೇತ ತಿಳಿಯದಂತಾಗುತ್ತದೆ. ಆದರೆ ಆ ತರಂಗಗಳು ಜೈಲಿನ ಗೋಡೆಗೆ ಬಂದು ನಿಲ್ಲುವುದಿಲ್ಲ. ಶಕ್ತಿ ಹೆಚ್ಚಿಸಿದರೆ ಸುತ್ತಲಿನ ಮನೆ, ಅಂಗಡಿಗಳಿಗೆ ತೊಂದರೆ, ತಗ್ಗಿಸಿದರೆ ಯಾವುದಾದರೊಂದು ಬ್ಯಾರಕ್ಕಿನ ಮೂಲೆಯಲ್ಲಿ ಸಿಗ್ನಲ್ ಉಳಿಯುತ್ತದೆ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಸುತ್ತಲಿನ ನಿವಾಸಿಗಳು ಈ ಬಗ್ಗೆ ದೂರಿದ್ದೂ ಉಂಟು. ಅಲ್ಲದೆ 2ಜಿ, 3ಜಿ ಕಾಲದ ಜಾಮರ್ 4ಜಿ, 5ಜಿ ಮುಂದೆ ಕೈಚೆಲ್ಲುತ್ತದೆ. ಈಗ ಜೈಲಿನ ಆವರಣದಲ್ಲಿಯೇ ಟವರ್ ನಿಲ್ಲಿಸಿ, ಒಳಗಿನ ಫೋನುಗಳನ್ನು ಅದಕ್ಕೆ ಸೆಳೆದು, ಅನುಮತಿಯಿಲ್ಲದ ಕರೆಗಳನ್ನು ತಡೆಯುವ ವ್ಯವಸ್ಥೆಯೂ ಇದೆ. ಇದು ಮೇಲು, ಆದರೆ ಟೆಲಿಕಾಂ ಕಂಪನಿಗಳ ಸಹಕಾರವಿಲ್ಲದೆ ನಡೆಯದು.

ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಗೇಟನ್ನು. ಮೊಬೈಲ್ ಒಳಗೆ ಹೋಗುವುದು ಯಾರದೋ ಕೈಯಿಂದ: ಚಪ್ಪಲಿಯ ಅಟ್ಟೆಯನ್ನು ಸೀಳಿ, ಹೆಬ್ಬೆರಳಿನಷ್ಟು ಚಿಕ್ಕ ಫೋನನ್ನು ಒಳಗಿಟ್ಟು, ಮತ್ತೆ ಅಂಟಿಸಿ ಕಳಿಸುತ್ತಾರೆ, ಗೋಡೆಯಾಚೆಯಿಂದ ಎಸೆಯುವುದೂ ಇದೆ. ಸ್ವಿಚ್ ಆಫ್ ಆಗಿ ಗೋಡೆಯ ಬಿರುಕಿನಲ್ಲಿ ಅಡಗಿದ ಫೋನಿನ ಎಲೆಕ್ಟ್ರಾನಿಕ್ ಭಾಗಗಳನ್ನೂ ಪತ್ತೆ ಹಚ್ಚುವ ಉಪಕರಣಗಳಿವೆ. ಆದರೆ ಸಿಬ್ಬಂದಿಯೇ ಹಣಕ್ಕೆ ಕೈಚಾಚಿದರೆ ಯಂತ್ರ ಏನು ಮಾಡೀತು? ಆದ್ದರಿಂದ ಅಧಿಕಾರಿಯಿಂದ ಹಿಡಿದು ತರಕಾರಿ ತರುವವನವರೆಗೆ ಎಲ್ಲರ ತಪಾಸಣೆಯೂ ಒಂದೇ ರೀತಿ ನಡೆಯಬೇಕು, ಅದನ್ನು ಮಾಡುವವರು ಆಗಾಗ ಬದಲಾಗಬೇಕು. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದೊಳಗೆ ತೆಗೆದ, ವಿಚಾರಣಾಧೀನ ಕೈದಿಯಾಗಿದ್ದ ನಟ ದರ್ಶನ್ ಅವರ ಫೋಟೊ ಹೊರಬಿದ್ದಾಗ ಅಮಾನತಾದವರು ಜೈಲಿನ ಅಧಿಕಾರಿ, ಸಿಬ್ಬಂದಿಯೇ ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒಳಗಿನಿಂದ ಬೆದರಿಸಿ ಹಣ ಕೀಳುವವನು ಬೇರೆ, ಮಗುವಿನ ಜ್ವರ ಇಳಿಯಿತೇ ಎಂದು ಕೇಳಲು ತವಕಿಸುವ ವಿಚಾರಣಾಧೀನ ಕೈದಿ ಬೇರೆ. ಶಿರಸಿಯ ಕಡೆಯ ಮನೆಯವರು ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಬಂದು ಕೆಲವೇ ನಿಮಿಷ ಮಾತಾಡಿ ಹಿಂದಿರುಗಬೇಕು. ಜೈಲಿನ ಅಧಿಕೃತ ದೂರವಾಣಿ ಮತ್ತು ವಿಡಿಯೊ ಸಂದರ್ಶನ ಸರದಿಯ ಕಿರಿಕಿರಿಯಿಲ್ಲದೆ ಸಿಕ್ಕರೆ ಇಂಥವರು ಕಳ್ಳ ಫೋನಿಗೆ ಹಣ ಸುರಿಯುವುದು ಕಡಿಮೆಯಾಗುತ್ತದೆ, ಸಿಬ್ಬಂದಿಯ ಗಮನವೂ ನಿಜವಾದ ಪುಂಡರ ಮೇಲೆ ನಿಲ್ಲುತ್ತದೆ.

ನಿಮ್ಮ ಅಂಗಡಿ ಜೈಲಿನ ಹತ್ತಿರ ಇರುವುದರಿಂದ ಕೇಳದಿದ್ದರೂ ಒಂದು ಮಾತು. ‘ಇದನ್ನು ಇಟ್ಟುಕೊಳ್ಳಿ, ಒಳಗಿನವರ ಕಡೆಯವರು ಬಂದು ಒಯ್ಯುತ್ತಾರೆ’ ಎಂದು ಯಾರಾದರೂ ಪೊಟ್ಟಣ ಕೊಟ್ಟರೆ, ಪರಿಚಿತರಾದರೂ, ತೆಗೆದುಕೊಳ್ಳಬೇಡಿ. ನಿಷೇಧಿತ ವಸ್ತುವನ್ನು ಜೈಲಿಗೆ ಸಾಗಿಸುವುದು ಕರ್ನಾಟಕ ಕಾರಾಗೃಹಗಳ ಅಧಿನಿಯಮ, 1963ರ 42ನೇ ಕಲಮಿನಡಿ ಅಪರಾಧ. 2022ರ ತಿದ್ದುಪಡಿಯು ಶಿಕ್ಷೆಯನ್ನು ಮತ್ತಷ್ಟು ಬಿಗಿಗೊಳಿಸಿದೆ. ಜಾಮರ್ ಬಂದು ನಿಮ್ಮ ಸಿಗ್ನಲ್ ಕೆಟ್ಟರೆ, ದಿನಾಂಕ, ವೇಳೆ, ಯಾವ ಕಂಪನಿಯ ಸಿಮ್ ಎಂಬುದನ್ನು ಬರೆದಿಟ್ಟು ಜೈಲಿನ ಅಧೀಕ್ಷಕರಿಗೂ ಕಂಪನಿಗೂ ಲಿಖಿತ ದೂರು ಕೊಡಿ. ಜಾಮರಿನ ಶಕ್ತಿಯನ್ನು ಸರಿಹೊಂದಿಸಲು ಅವರಿಗೆ ಬೇಕಾಗುವುದು ಅದೇ ವಿವರ.