ಬೊಟ್ವಿನ್ನಿಕ್‌ಗೆ ಸೋಲದ ಡಾಕ್ಟರು: ಮತ್ತೆ ಅದೇ ಪ್ರಶ್ನೆ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಬ್ಬರ ಸುತ್ತಲೇ ಇವೆ: ಕೀವ್‌ನ ಡಾಕ್ಟರೂ ಚೆಸ್ ಆಟಗಾರರೂ ಆಗಿದ್ದ ಫೆದಿರ್ ಬೋಹಾತಿರ್ಚುಕ್. ಯಾವುದೋ ಸಣ್ಣ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರಬೇಕು, ಕೇಳುವವರೆಲ್ಲ ಅದೇ ಪದ, ಅದೇ ಉದ್ಗಾರ ಚಿಹ್ನೆ ಬಳಸುತ್ತಿದ್ದಾರೆ. ಹೊಸಬರಿಗೆ ಒಂದೇ ಮಾತು: ಬೊಟ್ವಿನ್ನಿಕ್ ಎಂದರೆ 1948ರಲ್ಲಿ ವಿಶ್ವ ಚೆಸ್ ಚಾಂಪಿಯನ್ ಆದ ಸೋವಿಯತ್ ಆಟಗಾರ. ಉಳಿದದ್ದು ಈ ಅಂಕಣ ಓದುವವರಿಗೆ ಗೊತ್ತಿರುತ್ತದೆ.

ಪ್ರಶ್ನೆ: ವಿಶ್ವ ಚಾಂಪಿಯನ್ ಬೊಟ್ವಿನ್ನಿಕ್‌ಗೆ ಒಮ್ಮೆಯೂ ಸೋಲದ ಉಕ್ರೇನಿನ ಡಾಕ್ಟರೊಬ್ಬರಿದ್ದರಂತೆ. ನಿಜವಾಗಿ ವಿಶ್ವ ಚಾಂಪಿಯನ್ ಆಗಬೇಕಿದ್ದವರು ಅವರೇ, ಸೋವಿಯತ್ ಸರ್ಕಾರ ಬೇಕೆಂದೇ ಹೆಸರು ಅಳಿಸಿತು ಎನ್ನುತ್ತಾರೆ. ಎಷ್ಟು ನಿಜ?

ಉತ್ತರ: ಸೋಲಲಿಲ್ಲ ಎಂಬುದು ನಿಜ. ಹೆಸರು ಅಳಿಸಿದರು ಎಂಬುದೂ ಬಹುಮಟ್ಟಿಗೆ ನಿಜ. ವಿಶ್ವ ಚಾಂಪಿಯನ್ ಆಗಬೇಕಿತ್ತು ಎಂಬುದು ಮಾತ್ರ ಶುದ್ಧ ಬುರುಡೆ.

ಇಬ್ಬರೂ ಎದುರುಬದುರು ಕೂತದ್ದು ನಾಲ್ಕು ಆಟ. ಮೂರು ಡಾಕ್ಟರಿಗೆ, ಒಂದು ಡ್ರಾ. ಗೆದ್ದ ವರ್ಷಗಳು 1927, 1933, 1935. ಈಗ ಒಂದೊಂದನ್ನೂ ಬಿಡಿಸಿ ನೋಡಿ. 1927ರಲ್ಲಿ ಬೊಟ್ವಿನ್ನಿಕ್‌ಗೆ 16 ವರ್ಷ, ಅದು ಅವರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್. 1933ರಲ್ಲಿ ಡಾಕ್ಟರ ಕೈಲಿ ಸೋತರೂ ಸೋವಿಯತ್ ಚಾಂಪಿಯನ್ ಆದದ್ದು ಬೊಟ್ವಿನ್ನಿಕ್. 1935ರ ಮಾಸ್ಕೋ ಅಂತರರಾಷ್ಟ್ರೀಯ ಟೂರ್ನಿಯಲ್ಲಿ 19 ಆಟಗಳಿಂದ 13 ಅಂಕ ಗಳಿಸಿ ಚೆಕೊಸ್ಲೊವಾಕಿಯಾದ ಫ್ಲೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡದ್ದೂ ಅದೇ ಬೊಟ್ವಿನ್ನಿಕ್. ಮಾಜಿ ವಿಶ್ವ ಚಾಂಪಿಯನ್ನರಾದ ಲಾಸ್ಕರ್, ಕಾಪಾಬ್ಲಾಂಕಾ ಇಬ್ಬರೂ ಬೊಟ್ವಿನ್ನಿಕ್‌ಗಿಂತ ಹಿಂದೆ. ನಮ್ಮ ಡಾಕ್ಟರು ಪಟ್ಟಿಯ ಕೆಳಗಿನ ಅರ್ಧದಲ್ಲಿ. ಆ ಟೂರ್ನಿಯಲ್ಲಿ ಬೊಟ್ವಿನ್ನಿಕ್ ಸೋತದ್ದೇ ಎರಡು ಆಟ, ಅದರಲ್ಲೊಂದು ಇವರಿಗೆ. ಅಲ್ಲಿ ಡ್ರಾ ಆಗಿದ್ದರೂ ಸಾಕಿತ್ತು, ಬೊಟ್ವಿನ್ನಿಕ್ ಒಬ್ಬರೇ ಮೊದಲಿಗರಾಗುತ್ತಿದ್ದರು. 42ರ ವಯಸ್ಸಿನ, ಆಸ್ಪತ್ರೆ ಕೆಲಸದ ನಡುವೆ ಬಂದು ಆಡುವವರೊಬ್ಬರು ಕೊಟ್ಟ ಪೆಟ್ಟು ಅದು. ಖುಷಿಪಡಿ, ಯಾರು ಬೇಡವೆಂದರು? ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಸಾಕು, ಆಟಗಾರನ ತೂಕ ನೋಡಲು ನಾಲ್ಕು ಆಟ ಸಾಲದು. ಕೆಲವರಿಗೆ ಕೆಲವರ ಆಟ ಒಗ್ಗುವುದಿಲ್ಲ, ಚೆಸ್ಸಿನಲ್ಲಿ ಇದು ಮಾಮೂಲು.

ಬೊಟ್ವಿನ್ನಿಕ್ ಹೆಸರನ್ನು ಆಚೆಗಿಟ್ಟು ಡಾಕ್ಟರ ಆಟವನ್ನು ಅಳೆಯಬೇಕೆಂದಿದ್ದರೆ 1927ರಲ್ಲಿ ಮಾಸ್ಕೋದಲ್ಲಿ ನಡೆದ ಅದೇ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಪಟ್ಟಿ ತೆಗೆಯಿರಿ. 21 ಆಟಗಾರರು, ತಲಾ 20 ಆಟ. ಬೋಹಾತಿರ್ಚುಕ್ ಮತ್ತು ಲೆನಿನ್‌ಗ್ರಾದಿನ ಪ್ಯೋತರ್ ರೊಮಾನೊವ್‌ಸ್ಕಿ ಇಬ್ಬರಿಗೂ ಹದಿನಾಲ್ಕೂವರೆ. ನಿರ್ಣಾಯಕ ಪಂದ್ಯ ನಡೆಯಲಿಲ್ಲ, ಇಬ್ಬರೂ ಸೋವಿಯತ್ ಒಕ್ಕೂಟದ ಚಾಂಪಿಯನ್ನರು. ಒಂದು ತಿಂಗಳ ಟೂರ್ನಿಯಲ್ಲಿ, ಅಷ್ಟು ಜನ ಮಾಸ್ಟರುಗಳ ನಡುವೆ ಮೇಲೆ ನಿಲ್ಲುವುದೆಂದರೆ ಹುಡುಗಾಟವಲ್ಲ. ವಿಡಿಯೊದವರು ಇದನ್ನು ಹೇಳುವುದೇ ಇಲ್ಲ. ರೊಮಾನೊವ್‌ಸ್ಕಿ ಹೆಸರು ಹಾಕಿದರೆ ಯಾರು ನೋಡುತ್ತಾರೆ?

ಅದಕ್ಕೂ ಹಿಂದೆ 1925ರ ಮಾಸ್ಕೋ ಟೂರ್ನಿಯಲ್ಲಿ 20ಕ್ಕೆ 10 ಅಂಕ, 11ನೇ ಸ್ಥಾನ. ಸಪ್ಪೆ ಎನಿಸಿತೇ? ರೂಬಿನ್‌ಸ್ಟೈನ್ ಮತ್ತು ಷ್ಪೀಲ್ಮಾನ್ ಅರ್ಧ ಅಂಕ ಕೆಳಗಿದ್ದರು. ಅವರಿಬ್ಬರೂ ಚೆಸ್ಸನ್ನೇ ಉಂಡು ಚೆಸ್ಸನ್ನೇ ಉಸಿರಾಡಿದವರು. ಇವರು ಎಕ್ಸ್‌ರೇ ತಜ್ಞರು. 1892ರಲ್ಲಿ ಕೀವ್‌ನಲ್ಲಿ ಹುಟ್ಟಿ, ಅಲ್ಲೇ ವೈದ್ಯಕೀಯ ಓದಿ, ಅಲ್ಲೇ ವಿಕಿರಣ ವಿಭಾಗದಲ್ಲಿ ದುಡಿದವರು. ರಜೆ ಸಿಕ್ಕರೆ ಟೂರ್ನಿ, ಇಲ್ಲದಿದ್ದರೆ ಇಲ್ಲ. 1937ರಲ್ಲಿ ಉಕ್ರೇನ್ ಚಾಂಪಿಯನ್ ಆದಾಗಲೂ ಹೊಟ್ಟೆಪಾಡು ಆಸ್ಪತ್ರೆಯದೇ. ವಿಶ್ವ ಪಟ್ಟಕ್ಕೆ ಓಡುವವರ ದಾರಿ ಇದಲ್ಲ, ಅವರು ಓಡಲೂ ಇಲ್ಲ.

ಇನ್ನು ಹೆಸರು ಅಳಿಸಿದ ವಿಷಯ. ಇಲ್ಲಿ ಎರಡೂ ಕಡೆಯವರ ಮೇಲೆ ನನಗೆ ಸಿಟ್ಟಿದೆ. ಒಬ್ಬರು ಅವರನ್ನು ಹುತಾತ್ಮ ಮಾಡುತ್ತಾರೆ, ಇನ್ನೊಬ್ಬರು ಒಂದೇ ಮಾತಿನಲ್ಲಿ ನಾಜಿ ಎಂದು ಮುಗಿಸುತ್ತಾರೆ. 1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಕೀವ್ ಹಿಡಿಯಿತು. ಆ ತಿಂಗಳ ಕೊನೆಯ ಎರಡೇ ದಿನಗಳಲ್ಲಿ ಊರಂಚಿನ ಬಾಬಿನ್ ಯಾರ್ ಕಮರಿಯಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದರು. ಇಂಥ ಊರಿನಲ್ಲಿ ಬೋಹಾತಿರ್ಚುಕ್ ಉಕ್ರೇನಿನ ರೆಡ್ ಕ್ರಾಸ್ ಮುಖ್ಯಸ್ಥರಾದರು. ಹಸಿವಿನಿಂದ ಸಾಯುತ್ತಿದ್ದ ಸೋವಿಯತ್ ಯುದ್ಧಕೈದಿಗಳಿಗೆ ನೆರವು ಮುಟ್ಟಿಸಲು ಓಡಾಡಿದರು. ನಾಜಿ ಗುಪ್ತ ಪೊಲೀಸ್ ಗೆಸ್ಟಾಪೊ ಅವರನ್ನೇ ಹಿಡಿದು ಒಳಗೆ ಹಾಕಿತ್ತು, ಆಮೇಲೆ ಬಿಟ್ಟಿತು. ಇಷ್ಟಕ್ಕೇ ನಿಂತಿದ್ದರೆ ಕಥೆ ಸರಳವಾಗಿರುತ್ತಿತ್ತು. ನಿಲ್ಲಲಿಲ್ಲ. ಕೆಂಪು ಸೇನೆ ಮರಳಿ ಬರುವ ಮೊದಲು ಪಶ್ಚಿಮಕ್ಕೆ ಹೊರಟರು. 1944ರ ನವೆಂಬರಿನಲ್ಲಿ ಸೆರೆಸಿಕ್ಕು ಜರ್ಮನರ ಕಡೆ ಸೇರಿದ್ದ ಸೋವಿಯತ್ ಜನರಲ್ ವ್ಲಾಸೊವ್ ಅವರ ಆಸರೆಯಲ್ಲೇ ಪ್ರಾಗ್‌ನಲ್ಲಿ ಕಟ್ಟಿದ ಸೋವಿಯತ್ ವಿರೋಧಿ ಸಮಿತಿಗೆ ಸೇರಿದರು. ಅದನ್ನು ಅವರು ಮುಚ್ಚಿಡಲೂ ಇಲ್ಲ. 1978ರಲ್ಲಿ ಬಂದ ಆತ್ಮಕಥೆಯ ಶೀರ್ಷಿಕೆಯಲ್ಲೇ ವ್ಲಾಸೊವ್ ಹೆಸರಿದೆ.

ಕೈದಿಗಳಿಗೆ ರೊಟ್ಟಿ ಮುಟ್ಟಿಸಲು ಓಡಾಡಿದವರೂ ಅವರೇ, ಹಿಟ್ಲರನ ನೆರಳಲ್ಲಿ ನಿಂತ ಸಮಿತಿಯಲ್ಲಿ ಕೂತವರೂ ಅವರೇ. ಎರಡರಲ್ಲೊಂದನ್ನು ಕತ್ತರಿಸಿ ಎಸೆದು ಉಳಿದದ್ದನ್ನು ನನಗೆ ಕಳಿಸಿ ‘ಹೌದಲ್ಲವೇ ಸಾರ್’ ಎನ್ನಬೇಡಿ. ಸ್ಟಾಲಿನ್ ಕಾಲದ 1930ರ ದಶಕವನ್ನು, ಕ್ಷಾಮವನ್ನು, ರಾತ್ರೋರಾತ್ರಿ ಬಂಧನಗಳನ್ನು ಕೀವ್‌ನಲ್ಲಿ ಕಂಡವರೊಬ್ಬರು ಆ ಆಯ್ಕೆ ಏಕೆ ಮಾಡಿದರು ಎಂದು ನನಗೆ ಅರ್ಥವಾಗುತ್ತದೆ. ಸರಿ ಎನ್ನಲು ಮನಸ್ಸು ಒಪ್ಪುವುದಿಲ್ಲ. ಈ ಭಾಗದ ಬಗ್ಗೆ ಚೆಸ್ ಬರೆಯುವವರ ಮಾತು, ನನ್ನದೂ ಸೇರಿ, ಸ್ವಲ್ಪ ಕಡಿಮೆ ಕೇಳಿ. ಯುದ್ಧದ ಇತಿಹಾಸ ಬರೆದವರನ್ನು ಓದಿ.

ಮಾಸ್ಕೋಗೆ ಮಾತ್ರ ಇಷ್ಟು ಸಾಕಾಗಿತ್ತು. ದಶಕಗಳ ಕಾಲ ಸೋವಿಯತ್ ಪುಸ್ತಕಗಳಲ್ಲಿ ಅವರ ಹೆಸರು ಕಾಣದಂತಾಯಿತು. ಅವರು ಯುದ್ಧಾನಂತರದ ಜರ್ಮನಿಯಲ್ಲಿ ಕೆಲಕಾಲ ಬೊಗೆಂಕೊ ಎಂಬ ಹೆಸರಿಟ್ಟುಕೊಂಡು ಆಡಿದರು. ಸಿಕ್ಕಿಬಿದ್ದರೆ ಸೋವಿಯತ್ ಕೈಗೆ ಒಪ್ಪಿಸಿಬಿಡುತ್ತಾರೆಂಬ ಭಯದ ದಿನಗಳು. ಆಮೇಲೆ ಕೆನಡಾ. ಐವತ್ತು ದಾಟಿದ ಮೇಲೆ ಹೊಸ ದೇಶ, ಹೊಸ ಭಾಷೆ. ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸಿದರು. ವಯಸ್ಸಾದಂತೆ ಮೂಳೆಗಳಲ್ಲಿ, ಬೆನ್ನುಮೂಳೆಯ ಮಣಿಗಳಲ್ಲಿ ಆಗುವ ಬದಲಾವಣೆಯನ್ನು ಎಕ್ಸ್‌ರೇಯಲ್ಲಿ ಓದುವುದು ಅವರ ವಿಷಯ. 1955ರಲ್ಲಿ ಬ್ರಿಟಿಷ್ ವಿಕಿರಣ ತಜ್ಞರು ಕೊಡುವ ಬಾರ್ಕ್ಲೆ ಪದಕ ಬಂತು. ಅದರ ಹಿಂದಿನ ವರ್ಷ, 61ರ ವಯಸ್ಸಿನಲ್ಲಿ, ಆಮ್‌ಸ್ಟರ್‌ಡಾಮ್ ಒಲಿಂಪಿಯಾಡ್‌ನಲ್ಲಿ ಕೆನಡಾ ಪರವಾಗಿ ಆಡಿದರು. ಅದೇ ಒಲಿಂಪಿಯಾಡ್‌ನಲ್ಲಿ ಸೋವಿಯತ್ ತಂಡದ ಮೊದಲ ಬೋರ್ಡಿನಲ್ಲಿದ್ದವರು ಬೊಟ್ವಿನ್ನಿಕ್. ಅದೇ ವರ್ಷ ವಿಶ್ವ ಚೆಸ್ ಒಕ್ಕೂಟವಾದ ಫಿಡೆ ಕೊಟ್ಟ ಬಿರುದು ಇಂಟರ್‌ನ್ಯಾಷನಲ್ ಮಾಸ್ಟರ್, ಗ್ರ್ಯಾಂಡ್‌ಮಾಸ್ಟರ್ ಅಲ್ಲ. ನನ್ನ ಲೆಕ್ಕದಲ್ಲಿ 1927ರ ಸಾಧನೆಯೊಂದಕ್ಕೇ ದೊಡ್ಡ ಬಿರುದು ಸಲ್ಲಬೇಕಿತ್ತು. ತೀರಿಕೊಂಡದ್ದು 1984ರಲ್ಲಿ, ಒಟ್ಟಾವಾದಲ್ಲಿ.

ಪ್ರಶ್ನೆ: ಬೋಹಾತಿರ್ಚುಕ್ ಎಂದರೆ ವಿಶ್ವ ಚಾಂಪಿಯನ್ ಅಲೆಖೈನ್ ಜೊತೆ ಪಟ್ಟಕ್ಕೆ ಆಡಿದ ಬೊಗೊಲ್ಯುಬೊವ್ ಅಲ್ಲವೇ?

ಉತ್ತರ: ಅಲ್ಲ. ವಿಶ್ವ ಪಟ್ಟಕ್ಕೆ 1929 ಮತ್ತು 1934ರಲ್ಲಿ ಆಡಿ ಸೋತವರು ಎಫಿಮ್ ಬೊಗೊಲ್ಯುಬೊವ್. ಅವರೂ ಕೀವ್ ಸೀಮೆಯವರೇ. 1914ರಲ್ಲಿ ಮಾನ್‌ಹೈಮ್ ಟೂರ್ನಿಯ ನಡುವೆ ಯುದ್ಧ ಶುರುವಾಗಿ ಜರ್ಮನರು ರಷ್ಯಾ ಸಾಮ್ರಾಜ್ಯದ ಆಟಗಾರರನ್ನು ಕೂಡಿಹಾಕಿದಾಗ ಇಬ್ಬರೂ ಸಿಕ್ಕಿಬಿದ್ದಿದ್ದರು. ಬೋಹಾತಿರ್ಚುಕ್‌ರನ್ನು ಅಲೆಖೈನ್ ಜೊತೆ ಸೆಪ್ಟೆಂಬರಿನಲ್ಲೇ ಬಿಟ್ಟರು, ಬೊಗೊಲ್ಯುಬೊವ್ ಅಲ್ಲೇ ಉಳಿದರು. ಫೋಟೊ ಹಾಕುವ ಮುನ್ನ ಮುಖವನ್ನಾದರೂ ನೋಡಿ.

ಪ್ರಶ್ನೆ: ಒಡೆಸ್ಸಾದ ಜೈಲಿನಲ್ಲಿ ಬೋಲ್ಶೆವಿಕ್ ನಾಯಕ ಟ್ರಾಟ್‌ಸ್ಕಿ ಬಂದು ಅಲೆಖೈನ್ ಜೊತೆ ಚೆಸ್ ಆಡಿ ಪ್ರಾಣ ಉಳಿಸಿದ್ದು ನಿಜವೇ?

ಉತ್ತರ: 1919ರಲ್ಲಿ ಅಲೆಖೈನ್ ಒಡೆಸ್ಸಾದಲ್ಲಿ ಬಂಧನವಾದದ್ದು ನಿಜ. ಟ್ರಾಟ್‌ಸ್ಕಿ ಆಟ ಕಟ್ಟುಕಥೆ. ಆ ಊರಿನ ಚೆಸ್ ಬೇಕಾದರೆ ಯಾಕೊವ್ ವಿಲ್ನರ್ ಅವರ ಆಟಗಳನ್ನು ಹುಡುಕಿ. 1924ರ ಮೊಟ್ಟಮೊದಲ ಉಕ್ರೇನ್ ಚಾಂಪಿಯನ್, ಸೊಗಸಾದ ಚೆಸ್ ಸಮಸ್ಯೆಗಳನ್ನು ಕಟ್ಟಿದವರು, ಉಬ್ಬಸದಿಂದ ನರಳಿ 1931ರಲ್ಲಿ ತೀರಿಕೊಂಡವರು. ಅವರ ಬಗ್ಗೆ ಈವರೆಗೆ ಒಂದು ಪ್ರಶ್ನೆಯೂ ಬಂದಿಲ್ಲ.

ಪ್ರಶ್ನೆ: ಮಗಳು ನೀಟ್ ತಯಾರಿಯಲ್ಲಿದ್ದಾಳೆ, ಚೆಸ್ಸನ್ನೂ ಬಿಡುವುದಿಲ್ಲ ಅನ್ನುತ್ತಾಳೆ. ಬೋಹಾತಿರ್ಚುಕ್ ಎರಡನ್ನೂ ಮಾಡಿದರಲ್ಲ?

ಉತ್ತರ: ಮಾಡಿದರು. ಆಗ ಕಂಪ್ಯೂಟರ್ ತಯಾರಿ ಇರಲಿಲ್ಲ, ಎಂಟು ವರ್ಷದ ಮಕ್ಕಳು ಇಪ್ಪತ್ತು ನಡೆ ಬಾಯಿಪಾಠ ಮಾಡಿಕೊಂಡು ಬರುತ್ತಿರಲಿಲ್ಲ. ಆಡಲಿ ಬಿಡಿ, ಪರೀಕ್ಷೆ ಮುಗಿಯುವವರೆಗೆ ದೊಡ್ಡ ಟೂರ್ನಿ ಬೇಡ.

ಪ್ರಶ್ನೆ: ‘ಬೊಟ್ವಿನ್ನಿಕ್‌ನನ್ನು ಮಣಿಸಿದ ಗುಪ್ತ ಓಪನಿಂಗ್’ ಎಂಬ ಆನ್‌ಲೈನ್ ಕೋರ್ಸ್ 4,999 ರೂಪಾಯಿಗೆ ಇದೆ. ಸೇರಬಹುದೇ?

ಉತ್ತರ: ಆ ಆಟಗಳು ಎಲ್ಲ ಡೇಟಾಬೇಸ್‌ಗಳಲ್ಲೂ ಪುಕ್ಕಟೆ ಸಿಗುತ್ತವೆ. ಗುಪ್ತವಾದದ್ದು ಏನೂ ಇಲ್ಲ, ಆ ಗುರುಗಳ ರೇಟಿಂಗ್ ಬಿಟ್ಟರೆ.

ಪ್ರಶ್ನೆ: ಬೋಹಾತಿರ್ಚುಕ್ ರೇಟಿಂಗ್ 2600ಕ್ಕೂ ಮೇಲಿತ್ತು ಎಂದು ಓದಿದೆ. ಹಾಗಾದರೆ ಇಂದಿನ ಗ್ರ್ಯಾಂಡ್‌ಮಾಸ್ಟರುಗಳಿಗೆ ಸಮವಲ್ಲವೇ?

ಉತ್ತರ: ಆಟಗಾರರ ಬಲವನ್ನು ಅಂಕಿಯಲ್ಲಿ ಅಳೆಯುವ ಎಲೊ ರೇಟಿಂಗನ್ನು ಫಿಡೆ ಒಪ್ಪಿಕೊಂಡದ್ದೇ 1970ರಲ್ಲಿ. ಅದಕ್ಕೆ ಹಿಂದಿನ ಅಂಕಿಗಳೆಲ್ಲ ಈಚಿನವರು ಕೂತು ಲೆಕ್ಕ ಹಾಕಿದ್ದು. 1927ರ ಆಟಗಾರರನ್ನು 1927ರವರ ಜೊತೆ ಹೋಲಿಸಲು ಅವು ಬರುತ್ತವೆ, ಇಂದಿನವರ ಜೊತೆಗಲ್ಲ. ಈ ಪ್ರಶ್ನೆಗೆ ಇನ್ನು ಮುಂದೆ ಉತ್ತರಿಸುವುದಿಲ್ಲ.