ಜೋಯಿಡಾದ ಕೋವಿ, ಸಾಂಗೆಯ ಹಂದಿ

ಪ್ರಶ್ನೆ: ಗೋವಾದ ಸಾಂಗೆಯಲ್ಲಿ ನಮ್ಮ ಅಡಿಕೆ-ಬಾಳೆ ತೋಟವಿದೆ. ಕಾಡುಹಂದಿಗಳು ಬುಡ ಸಮೇತ ಅಗೆದು ಹಾಕುತ್ತಿವೆ. ಜೋಯಿಡಾದ ಭಾವನ ಬಳಿ ಬೆಳೆ ರಕ್ಷಣೆಯ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹಾರಿಸುವ ಬಂದೂಕು) ಇದೆ. ಪರವಾನಗಿ ಉತ್ತರ ಕನ್ನಡಕ್ಕೆ ಮಾತ್ರ. ಒಂದು ತಿಂಗಳ ಮಟ್ಟಿಗೆ ಅವರು ಇಲ್ಲಿ ತರಬಹುದೇ?
— ಓದುಗರೊಬ್ಬರು, ಸಾಂಗೆ

ಉತ್ತರ: ಈಗಿರುವ ಪರವಾನಗಿಯ ಮೇಲೆ ಖಂಡಿತ ಬೇಡ. ಅದರಲ್ಲಿ ಬರೆದ ವ್ಯಾಪ್ತಿ ದಾಟಿದರೆ ಕೋವಿಗೆ ಲೈಸೆನ್ಸೇ ಇಲ್ಲದಂತೆ. ವ್ಯಾಪ್ತಿ ವಿಸ್ತರಣೆಗೆ ಭಾವನೇ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ರಾಜ್ಯ ದಾಟುವ ವಿಷಯವಾದ್ದರಿಂದ ಕಡತ ಅಲ್ಲಿಗೇ ಮುಗಿಯುವುದಿಲ್ಲ, ಬೇಗ ಹೊರಡಿಸಿ. ಅರ್ಜಿಯಲ್ಲಿ ಯುಐಎನ್ (ಪರವಾನಗಿದಾರರ ವಿಶಿಷ್ಟ ಗುರುತು) ಸಂಖ್ಯೆ, ಬೇಕಾದ ತಾರೀಕುಗಳು, ನಿಮ್ಮ ಒಪ್ಪಿಗೆ ಪತ್ರ, ತೋಟದ ಒಂದು-ಹದಿನಾಲ್ಕು ನಮೂನೆ (ಗೋವಾದ ಜಮೀನು ದಾಖಲೆ) ಇರಲಿ.

ಇಷ್ಟಾದರೆ ಕೋವಿಗೆ ಅನುಮತಿ ಸಿಕ್ಕಿತು, ಹಂದಿಗೆ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. 1972ರ ಆ ಕಾಯ್ದೆಯ 11(1)(ಬಿ) ಕಲಮಿನಡಿ ಗೋವಾದ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಆದೇಶ ಕೊಡಬೇಕು. ಅದಕ್ಕಾಗಿ ಹಾಕುವ ಅರ್ಜಿಗೆ ಅಗೆದ ಗುಂಡಿ, ಮುರಿದ ಬಾಳೆಯ ಫೋಟೋಗಳನ್ನು ತಾರೀಕು ಸಹಿತ ಲಗತ್ತಿಸಿ. ಕಾಟಿ (ಕಾಡುಕೋಣ) ಬಂದು ಹಾಳು ಮಾಡಿದ್ದರೆ ಈ ದಾರಿ ಇಲ್ಲ. ಅದು 1ನೇ ಅನುಸೂಚಿಯ ಪ್ರಾಣಿ, ಬೆಳೆ ನಷ್ಟ ಅದಕ್ಕೆ ಕಾರಣವಾಗದು.

ದಾರಿಯ ಮಾತು ಬೇರೆ. ಅನಮೋಡ ಘಟ್ಟ ಇಳಿದರೆ ರಸ್ತೆ ಮೊಲ್ಲೆಂ ಅಭಯಾರಣ್ಯದೊಳಗೆ ಹೋಗುತ್ತದೆ, ಲಿಖಿತ ಅನುಮತಿ ಇಲ್ಲದೆ ಅಲ್ಲಿಗೆ ಆಯುಧ ಒಯ್ಯುವಂತಿಲ್ಲ. ಕಾರವಾರ, ಪೊಳೆಂ, ಕಾಣಕೋಣ, ಮಡಗಾಂವ್ ಸುತ್ತು ದೂರವಾದರೂ ಮೇಲು, ಆದರೆ ಜೋಯಿಡಾದಿಂದ ಕಾರವಾರಕ್ಕೆ ಅಣಶಿ ದಾರಿಯೂ ಸಂರಕ್ಷಿತ ಅರಣ್ಯದೊಳಗೇ ಹೋಗುತ್ತದೆ, ಅಲ್ಲೂ ಅನುಮತಿ ಬೇಕು. ಕೇಪು ತೆಗೆದು, ನಳಿಗೆ ಖಾಲಿ ಮಾಡಿ, ಮದ್ದನ್ನು ಬೇರೆ ಚೀಲದಲ್ಲಿಡಿ. ಎರಡೂ ಆದೇಶಗಳ ಮೂಲ ಪ್ರತಿ ಜೊತೆಗಿರಲಿ. ಚುನಾವಣೆ ಹತ್ತಿರವಿದ್ದರೆ ಕೋವಿ ಠಾಣೆಯಲ್ಲಿಡಲು ಆದೇಶ ಬಂದೀತು, ತಿಂಗಳು ನೋಡಿ ಹೊರಡಿ.

ಭಾವನ ಪರವಾನಗಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ನೀವು ಕೋವಿಯ ಕುದುರೆ (ಟ್ರಿಗರ್) ಎಳೆಯಬೇಡಿ. ಬಿದ್ದ ಹಂದಿ ಸರ್ಕಾರದ ಸೊತ್ತು, ಅಡುಗೆಮನೆಗೆ ಬಂದರೆ ಹೊಸ ಕೇಸು.

ಹಾವಳಿ ಪ್ರತಿ ವರ್ಷದ್ದಾದರೆ ನೀವೇ ನಿಮ್ಮ ಜಿಲ್ಲೆಯ ಜಿಲ್ಲಾಧಿಕಾರಿಯಲ್ಲಿ ಲೈಸೆನ್ಸ್ ಕೇಳುವುದು ಲೇಸು. ತೋಟ ನೇತ್ರಾವಳಿ ಅಭಯಾರಣ್ಯದ 10 ಕಿಲೋಮೀಟರ್ ಒಳಗಿದ್ದರೆ ಅದಕ್ಕೂ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲೇ ಬೇಕು.