ಒಗೆಯುತ್ತದೆ, ಆದರೆ ಹಿಂಡುವುದಿಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ ಐದು ವರ್ಷದ ಹಿಂದೆ ಕೊಂಡ, ಆರೂವರೆ ಕಿಲೋ ಸಾಮರ್ಥ್ಯದ, ಮೇಲಿನಿಂದ ಬಟ್ಟೆ ಹಾಕುವ ಫುಲ್ ಆಟೊಮ್ಯಾಟಿಕ್ ವಾಷಿಂಗ್ ಮೆಷೀನ್ ಇದೆ. ಒಗೆಯುವುದರಲ್ಲಿ ಕೊರತೆಯಿಲ್ಲ. ಆದರೆ ಈಚೆಗೆ ಹಿಂಡುವ ಹೊತ್ತಿಗೆ ಗುಡುಗುಡು ಸದ್ದು ಮಾಡಿ ನಿಂತುಬಿಡುತ್ತದೆ, ಕೆಲವೊಮ್ಮೆ ತಾನಾಗಿಯೇ ಮತ್ತೆ ನೀರು ತುಂಬಿಸಿಕೊಳ್ಳುತ್ತದೆ. ಈ ಮಳೆಯಲ್ಲಿ ನೀರಿಳಿಯುವ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ಹಿಡಿಯುತ್ತಿದೆ. ರಿಪೇರಿಯವರು ಮೆಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಬದಲಿಸಬೇಕು ಎನ್ನುತ್ತಾರೆ. ಬದಲಿಸಲೇಬೇಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಬೋರ್ಡಿಗೆ ಹಣ ಕೊಡಬೇಡಿ. ಮೆಷೀನು ತಾನಾಗಿಯೇ ಮತ್ತೆ ನೀರು ತುಂಬಿಸಿಕೊಳ್ಳುತ್ತದೆ ಎಂದು ನೀವು ಬರೆದಿರುವುದೇ ಇಲ್ಲಿ ಮುಖ್ಯವಾದ ಸುಳಿವು. ಬಟ್ಟೆಯ ಭಾರ ಡ್ರಮ್ಮಿನ ಒಂದೇ ಕಡೆ ಸೇರಿಕೊಂಡು ಅದು ಓಲಾಡತೊಡಗಿದಾಗ, ಮೆಷೀನು ಅದನ್ನು ಗುರುತಿಸಿ, ಹಿಂಡುವುದನ್ನು ನಿಲ್ಲಿಸಿ, ನೀರು ತುಂಬಿಸಿ ಬಟ್ಟೆಯನ್ನು ಅಲುಗಾಡಿಸಿ ಸಮವಾಗಿ ಹರಡಲು ನೋಡುತ್ತದೆ. ಇಷ್ಟೆಲ್ಲ ಮಾಡಿಸುತ್ತಿರುವುದು ಆ ಬೋರ್ಡೇ. ಆದುದರಿಂದ ಅದು ಕೆಟ್ಟಿದೆ ಎನ್ನುವ ಮೊದಲು ಡ್ರಮ್ಮು ಏಕೆ ಓಲಾಡುತ್ತಿದೆ ಎಂಬುದನ್ನು ನೋಡಬೇಕು.

ಮೊದಲು ಬಟ್ಟೆಯನ್ನೆಲ್ಲ ತೆಗೆದು, ಖಾಲಿ ಮೆಷೀನಿನಲ್ಲಿ ಸ್ಪಿನ್ ಒಂದನ್ನೇ ಆರಿಸಿ ಓಡಿಸಿ. ಖಾಲಿಯಿದ್ದಾಗ ವೇಗವಾಗಿ, ಸದ್ದಿಲ್ಲದೆ ತಿರುಗಿದರೆ ಮೋಟಾರು, ಬೋರ್ಡು ಎರಡೂ ಕೆಲಸ ಮಾಡುತ್ತಿವೆ ಎಂದೇ ತಿಳಿಯಬಹುದು. ಆಗ ತೊಂದರೆ ಹೆಚ್ಚಾಗಿ ಇರುವುದು ನೀವು ಬಟ್ಟೆ ಹಾಕುವ ರೀತಿಯಲ್ಲಿ ಅಥವಾ ಮೆಷೀನು ನಿಂತಿರುವ ನೆಲದಲ್ಲಿ. ಮಳೆಗಾಲದಲ್ಲಿ ದಪ್ಪ ಹೊದಿಕೆಯನ್ನೋ ಜಮಖಾನವನ್ನೋ ಒಂದನ್ನೇ ಹಾಕುವುದುಂಟು. ನೀರು ಕುಡಿದು ಅದು ಒಂದು ಮಗ್ಗುಲಿಗೆ ಮುದ್ದೆಯಾಗಿ ಕೂರುತ್ತದೆ. ಜೊತೆಗೆ ಎರಡು ಟವೆಲುಗಳನ್ನು ಎದುರು ಬದಿಗೆ ಹಾಕಿದರೆ ಭಾರ ಸರಿಹೋಗುತ್ತದೆ. ರೈನ್‌ಕೋಟಿನಂತಹ ನೀರಿಳಿಯದ ಬಟ್ಟೆಗಳನ್ನಂತೂ ಮೆಷೀನಿನಲ್ಲಿ ಹಿಂಡಲೇಬಾರದು. ಅವುಗಳ ಮಡಿಕೆಯಲ್ಲಿ ಸಿಕ್ಕ ನೀರು ಹೊರಹೋಗಲಾರದೆ ಡ್ರಮ್ಮನ್ನು ಜೋರಾಗಿ ಓಲಾಡಿಸುತ್ತದೆ.

ಬಚ್ಚಲಿನ ನೆಲ ನೀರು ಹರಿಯಲೆಂದು ಒಂದು ಕಡೆಗೆ ಇಳಿಜಾರಾಗಿರುತ್ತದೆ. ಮೆಷೀನು ಅಲ್ಲಿಯೇ ಇದ್ದರೆ ಮೂಲೆಯಿಂದ ಮೂಲೆಗೆ ಒತ್ತಿ ನೋಡಿ, ಕಾಲುಗಳನ್ನು ತಿರುಗಿಸಿ ಎತ್ತರ ಹೊಂದಿಸಿ, ಗಾರೆ ಕೆಲಸದವರ ರಸಮಟ್ಟವನ್ನು ಮೇಲಿಟ್ಟು ಪರೀಕ್ಷಿಸಿ. ಮಟ್ಟ ಸರಿಯಿದ್ದೂ ಓಲಾಟ ನಿಲ್ಲದಿದ್ದರೆ, ಖಾಲಿ ಡ್ರಮ್ಮನ್ನು ಕೈಯಿಂದ ಕೆಳಕ್ಕೆ ಒತ್ತಿ ಬಿಡಿ. ಅದು ಬೇಗನೆ ಸ್ತಿಮಿತಕ್ಕೆ ಬಾರದೆ ಮೇಲೆ ಕೆಳಗೆ ಕುಣಿಯುತ್ತಲೇ ಇದ್ದರೆ, ಡ್ರಮ್ಮನ್ನು ತೂಗಿ ಹಿಡಿದಿರುವ ನಾಲ್ಕು ಸಸ್ಪೆನ್ಷನ್ ರಾಡುಗಳು ಸವೆದಿವೆ. ಅವನ್ನು ನಾಲ್ಕನ್ನೂ ಒಟ್ಟಿಗೇ ಬದಲಿಸುವುದು ಒಳ್ಳೆಯದು.

ಇನ್ನೊಂದು ಕಾರಣ ನೀರು ಹೊರಹೋಗದಿರುವುದು. ಡ್ರಮ್ಮಿನಲ್ಲಿ ನೀರು ಉಳಿದಿರುವವರೆಗೂ ಮೆಷೀನು ಹಿಂಡಲು ತೊಡಗುವುದಿಲ್ಲ. ಪಂಪಿಲ್ಲದೆ, ವಾಲ್ವು ತೆರೆದು ನೀರು ತಾನಾಗಿ ಇಳಿಯುವ ಮಾದರಿಯಾದರೆ, ಡ್ರೈನ್ ಪೈಪಿನ ತುದಿ ನೆಲದ ಮಟ್ಟದಲ್ಲಿಯೇ ಇರಬೇಕು. ಎತ್ತರಕ್ಕೆ ಸಿಕ್ಕಿಸಿದರೆ ಅಥವಾ ಗೋಡೆಗೂ ಮೆಷೀನಿಗೂ ನಡುವೆ ಅದು ಮಡಿಸಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಪೈಪನ್ನು ಕಳಚಿ ಒಳಗಿನ ಕೊಳೆ, ದಾರದ ಎಳೆಗಳನ್ನು ತೊಳೆಯಿರಿ. ಸೋಪಿನ ಪುಡಿ ಹೆಚ್ಚಾಗಿ ನೊರೆ ತುಂಬಿದರೂ ಡ್ರಮ್ಮಿಗೆ ವೇಗ ಸಿಗುವುದಿಲ್ಲ.

ಖಾಲಿಯಿದ್ದಾಗಲೂ ತಿರುಗದಿದ್ದರೆ ಮಾತ್ರ ಒಳಗಿನ ಭಾಗಗಳ ವಿಚಾರ. ಮೋಟಾರು ತಿರುಗುವ ಸದ್ದಿದ್ದು ಡ್ರಮ್ಮು ತಿರುಗದಿದ್ದರೆ, ಜೊತೆಗೆ ಸುಟ್ಟ ರಬ್ಬರಿನ ವಾಸನೆ ಬಂದರೆ ಬೆಲ್ಟು ಜಾರುತ್ತಿದೆ ಎಂದರ್ಥ. ಬೆಲ್ಟಿರುವ ಮಾದರಿಗಳಲ್ಲಿ ಬರೀ ಗುಂಯ್‌ಗುಟ್ಟಿ ನಿಂತರೆ, ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್ ಸೋತಿರುವ ಸಾಧ್ಯತೆ ಹೆಚ್ಚು. ಸದ್ದೇ ಇಲ್ಲದಿದ್ದರೆ ಮುಚ್ಚಳದ ಸ್ವಿಚ್ಚನ್ನು ಮೊದಲು ನೋಡಬೇಕು. ಇವನ್ನು ನೀವು ಬಿಚ್ಚಬೇಡಿ; ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ರಿಪೇರಿಯವರಿಗೆ ಈ ಲಕ್ಷಣಗಳನ್ನು ವಿವರವಾಗಿ ಹೇಳಿ, ಅವರು ಬೋರ್ಡನ್ನೇ ಹೆಸರಿಸಿದರೆ, ಮಿಕ್ಕವನ್ನು ಪರೀಕ್ಷಿಸಿದ್ದೀರಾ ಎಂದು ಕೇಳಿ.

ಪ್ರಶ್ನೆ: ನಮ್ಮದು ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್. ಹಿಂಡುವ ತೊಟ್ಟಿ ತುಂಬ ನಿಧಾನವಾಗಿ ತಿರುಗುತ್ತದೆ. ಏನು ಮಾಡಲಿ?
– ಓದುಗರು, ಕೋಲಾರ

ಉತ್ತರ: ಪ್ಲಗ್ ಕಿತ್ತು, ಮುಚ್ಚಳ ತೆರೆದಾಗ ತೊಟ್ಟಿಯನ್ನು ತಡೆಯುವ ಬ್ರೇಕನ್ನು ಪರೀಕ್ಷಿಸಿ. ಮುಚ್ಚಳ ಹಾಕಿದಾಗ ಅದರ ತಂತಿ ಬ್ರೇಕನ್ನು ಪೂರ್ತಿ ಬಿಡಿಸಬೇಕು. ತಂತಿ ಸಡಿಲವಾದರೆ ಬ್ರೇಕು ಉಜ್ಜುತ್ತಲೇ ಇರುತ್ತದೆ. ಕಾಲುಚೀಲ, ಕರವಸ್ತ್ರದಂತಹ ಸಣ್ಣ ಬಟ್ಟೆ ತೊಟ್ಟಿಯ ಅಂಚಿನಿಂದ ಜಾರಿ ಕೆಳಗೆ ಸುತ್ತಿಕೊಂಡಿದ್ದರೂ ಹೀಗೆಯೇ ಆಗುತ್ತದೆ. ಹಿಂಡುವಾಗ ಬಟ್ಟೆಯ ಮೇಲೆ ಪ್ಲಾಸ್ಟಿಕ್ ತಟ್ಟೆಯನ್ನು ಒತ್ತಿ ಕೂರಿಸಿದರೆ ಅವು ಮೇಲೆದ್ದು ಹೊರಬೀಳುವುದಿಲ್ಲ.